ಕಚ್ಚುವ ನೊಣ, ನೊರಜು, ಸೊಳ್ಳೆ: ಕೀಟಗಳಿಂದ ಹರಡುವ ವೈರಸ್ ರೋಗಗಳಿಂದ ದನಕುರಿಗಳನ್ನು ಕಾಯುವ ಬಗೆ

ಮಂಡ್ಯ ಮತ್ತು ಮೈಸೂರು ಜಿಲ್ಲೆಗಳ ನಾಲಾ ಬಯಲಿನಲ್ಲಿ ಹಸು ಕಟ್ಟಿದವರಿಗೆ ಚರ್ಮಗಂಟು ರೋಗವನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಭಾರತದಲ್ಲಿ ಅದು ಮೊದಲು ಕಾಣಿಸಿಕೊಂಡದ್ದು 2019ರಲ್ಲಿ, ಒಡಿಶಾದಲ್ಲಿ. 2022ರಲ್ಲಿ ಗುಜರಾತ್, ರಾಜಸ್ಥಾನಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಹಬ್ಬಿ, ಕರ್ನಾಟಕಕ್ಕೂ ಬಂದು, ದೇಶದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ದನಗಳ ಪ್ರಾಣ ತೆಗೆಯಿತು. ಆಗ ನಮ್ಮ ಊರುಗಳಲ್ಲಿ ಬಹುಮಂದಿ ಮಾಡಿದ ಕೆಲಸದ ಕ್ರಮ ತಲೆಕೆಳಗಾಗಿತ್ತು. ಮೈಮೇಲೆ ಗಂಟು ಕಂಡ ಮೇಲೆ ಲಸಿಕೆಗೆ ಓಡಿದರು, ನೊಣ ಮುತ್ತಿದ ಮೇಲೆ ಔಷಧ ಸಿಂಪಡಿಸಿದರು, ತಿಪ್ಪೆಯ ಕಡೆಗೆ ಮಾತ್ರ ತಿರುಗಿ ನೋಡಲಿಲ್ಲ. ಈ ಬರಹ ಆ ಕ್ರಮವನ್ನು ಸರಿಪಡಿಸುವುದಕ್ಕಾಗಿ: ಲಸಿಕೆ ಮೊದಲು, ತಿಪ್ಪೆ ಮತ್ತು ಗಂಜಲದ ವ್ಯವಸ್ಥೆ ಆಮೇಲೆ, ಸಿಂಪಡಣೆ ಎಲ್ಲಕ್ಕಿಂತ ಕೊನೆಗೆ.

ಯಾವ ರೋಗಕ್ಕೆ ಯಾವ ಕೀಟ

ಕೀಟಗಳಿಂದ ಹರಡುವ ವೈರಸ್ ರೋಗಗಳಲ್ಲಿ ಈ ಭಾಗದ ರೈತರು ಮುಖ್ಯವಾಗಿ ಗಮನದಲ್ಲಿಡಬೇಕಾದವು ಮೂರು: ದನಗಳ ಚರ್ಮಗಂಟು ರೋಗ, ದನ ಮತ್ತು ಎಮ್ಮೆಗಳ ಮೂರು ದಿನದ ಜ್ವರ, ಕುರಿಗಳ ನೀಲಿ ನಾಲಿಗೆ ರೋಗ. ಮೂರನ್ನೂ ಕೀಟಗಳೇ ಹೊತ್ತು ತರುತ್ತವೆಯಾದರೂ ಹೊರುವ ಬಗೆ ಬೇರೆಬೇರೆಯಾಗಿರುವುದರಿಂದ ತಡೆಯುವ ಉಪಾಯವೂ ಬೇರೆಯಾಗುತ್ತದೆ. ಇದನ್ನು ತಿಳಿಯದೆ ಎಲ್ಲಕ್ಕೂ ಒಂದೇ ಮದ್ದು ಹುಡುಕಿದರೆ ದುಡ್ಡು ಹೋಗುತ್ತದೆ, ರೋಗ ಹೋಗುವುದಿಲ್ಲ.

ಚರ್ಮಗಂಟು ರೋಗದ ವೈರಸ್ ಕುರಿ ಮತ್ತು ಮೇಕೆಗಳ ಸಿಡುಬಿನ ವೈರಸ್‌ಗೆ ಹತ್ತಿರದ ಸಂಬಂಧಿ. ಅದನ್ನು ಹರಡುವುದರಲ್ಲಿ ಕೊಟ್ಟಿಗೆಯ ಕಚ್ಚುವ ನೊಣದ ಪಾತ್ರ ದೊಡ್ಡದು. ಸೊಳ್ಳೆ ಮತ್ತು ಉಣ್ಣೆ ಹುಳಗಳ ಪಾಲೂ ಇದೆ. ಈ ನೊಣ ಕಚ್ಚಿದರೆ ವಿಪರೀತ ನೋವಾಗುವುದರಿಂದ ಹಸು ಕಾಲು ಝಾಡಿಸಿ ಓಡಿಸುತ್ತದೆ, ಅರೆಹೊಟ್ಟೆಯಲ್ಲಿ ಎದ್ದ ನೊಣ ಪಕ್ಕದ ಹಸುವಿನ ಮೇಲೆ ಕುಳಿತು ಹೊಟ್ಟೆ ತುಂಬಿಸಿಕೊಳ್ಳುತ್ತದೆ, ಮೊದಲ ಹಸುವಿನ ಗಂಟಿನಿಂದ ಅದರ ಬಾಯಿಗೆ ಅಂಟಿದ ವೈರಸ್ ಎರಡನೆಯ ಹಸುವಿನ ಚರ್ಮ ಸೇರುತ್ತದೆ. ವೈರಸ್ ನೊಣದ ಒಡಲಲ್ಲಿ ಬೆಳೆಯುವುದಿಲ್ಲ, ಬಾಯಿಗೆ ಅಂಟಿಕೊಂಡು ಸಾಗುತ್ತದೆ, ಅಷ್ಟೆ. ಆದ್ದರಿಂದ ಕಾಯಿಲೆಯ ಹಸುವಿಗೂ ಉಳಿದ ಹಸುಗಳಿಗೂ ನಡುವೆ ದೂರ ಹೆಚ್ಚಿದಷ್ಟೂ ಅಪಾಯ ಕಡಿಮೆ.

ನೀಲಿ ನಾಲಿಗೆ ರೋಗದ ಲೆಕ್ಕ ಹೀಗಿಲ್ಲ. ಅದನ್ನು ತರುವುದು ಗದ್ದೆ ಬದಿಯ ಕೆಸರಿನಲ್ಲೂ ಹಸಿ ಸಗಣಿಯಲ್ಲೂ ಹುಟ್ಟುವ, ಒಂದರಿಂದ ಮೂರು ಮಿಲಿಮೀಟರ್ ಉದ್ದದ ನೊರಜು. ವೈರಸ್ ಅದರ ಮೈಯೊಳಗೆ ಬೆಳೆದು, ವಾರದ ಆಸುಪಾಸಿನಲ್ಲಿ ಅದರ ಜೊಲ್ಲಿಗೆ ಬರುತ್ತದೆ. ಅಲ್ಲಿಂದ ಮುಂದೆ ಆ ನೊರಜು ಬದುಕಿರುವಷ್ಟು ದಿನವೂ ಕಚ್ಚಿದ ಕುರಿಗೆಲ್ಲ ರೋಗ ಹಂಚುತ್ತದೆ. ದನಗಳ ರಕ್ತದಲ್ಲೂ ಈ ವೈರಸ್ ಇರುತ್ತದೆ, ಆದರೆ ಅವುಗಳಲ್ಲಿ ಸಾಮಾನ್ಯವಾಗಿ ಯಾವ ಲಕ್ಷಣವೂ ಕಾಣುವುದಿಲ್ಲ. ದನದ ಕೊಟ್ಟಿಗೆಗೆ ಅಂಟಿಕೊಂಡಂತೆಯೇ ಕುರಿ ರೊಪ್ಪ ಕಟ್ಟಿಕೊಂಡವರು ಇದನ್ನು ನೆನಪಿನಲ್ಲಿಡಬೇಕು.

ಮೂರು ದಿನದ ಜ್ವರವನ್ನು ಸೊಳ್ಳೆ ಮತ್ತು ನೊರಜುಗಳು ಹರಡುತ್ತವೆ. ಹಸುವಿನಿಂದ ಹಸುವಿಗೆ ಅದು ನೇರವಾಗಿ ಅಂಟುವುದಿಲ್ಲ, ಗಾಳಿ ಬೀಸಿದತ್ತ ಕೀಟಗಳ ಜೊತೆ ಊರಿಂದೂರಿಗೆ ಸಾಗುತ್ತದೆ. ಇದರಲ್ಲಿ ಕಾಯಿಲೆಯ ಹಸುವನ್ನು ಬೇರೆ ಕಟ್ಟಿದರೂ ದೊಡ್ಡ ಪ್ರಯೋಜನವಿಲ್ಲ. ಸಂಜೆಯಿಂದ ಬೆಳಗಿನವರೆಗೆ ಕೀಟ ಕಚ್ಚದಂತೆ ನೋಡಿಕೊಳ್ಳುವುದೇ ಉಪಾಯ.

ಈ ಮೂರರಲ್ಲಿ ಯಾವುದೂ ಮನುಷ್ಯರಿಗೆ ಬರುವುದಿಲ್ಲ. ಚರ್ಮಗಂಟು ರೋಗ ಬಂದ ಊರಿನ ಹಾಲನ್ನು ಕುಡಿಯಬಾರದೆಂದು 2022ರಲ್ಲಿ ಹಬ್ಬಿದ ಸುದ್ದಿಗೆ ಆಧಾರವಿರಲಿಲ್ಲ. ಹಾಲನ್ನು ಎಂದಿನಂತೆ ಕಾಯಿಸಿ ಕುಡಿದರೆ ಸಾಕು.

ಲಸಿಕೆಗೆ ಮೂರು ವಾರದ ಮುನ್ನೋಟ

ಲಸಿಕೆ ಹಾಕಿಸಿದ ದಿನವೇ ಹಸುವಿಗೆ ರಕ್ಷಣೆ ಸಿಗುವುದಿಲ್ಲ, ಮೈಯಲ್ಲಿ ಸಾಕಷ್ಟು ಶಕ್ತಿ ಬರಲು ಸುಮಾರು ಮೂರು ವಾರ ಬೇಕಾಗುತ್ತದೆ. ನಾಲೆಗೆ ನೀರು ಬಿಟ್ಟು, ನಾಟಿ ಶುರುವಾಗಿ, ಮಳೆಯೂ ಹಿಡಿದ ಮೇಲೆ ನೊಣ ಸೊಳ್ಳೆಗಳು ಏರುವುದು ನಮಗೆಲ್ಲ ಗೊತ್ತಿರುವ ವಿಷಯ. ಮಂಡ್ಯ ಭಾಗದಲ್ಲಿ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲೇ ಮಳೆ ಹೆಚ್ಚು. ಹೀಗಿರುವಾಗ ಚರ್ಮಗಂಟು ರೋಗದ ಲಸಿಕೆಯನ್ನು ಮುಂಗಾರು ಕಾಲಿಡುವ ಮೊದಲೇ, ಎಂದರೆ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಹಾಕಿಸಿ ಮುಗಿಸುವುದು ಒಳ್ಳೆಯದು. ಇಲಾಖೆಯ ಲಸಿಕಾ ಅಭಿಯಾನ ಊರಿಗೆ ಬರುವ ದಿನವನ್ನು ಹಾಲಿನ ಡೈರಿಯಲ್ಲಿ ವಿಚಾರಿಸಿಕೊಂಡು, ಅಂದು ಹಸುಗಳನ್ನು ಮೇಯಲು ಬಿಡದೆ ಮನೆಯ ಬಳಿ ಕಟ್ಟಿರಬೇಕು. ಬೆಂಗಳೂರಿನ ಯಲಹಂಕದಲ್ಲಿರುವ ನಿವೇದಿ ಎಂಬ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆ ಯಾವ ಜಿಲ್ಲೆಗೆ ಯಾವ ಜಾನುವಾರು ರೋಗ ಬರುವ ಸಂಭವವಿದೆ ಎಂಬ ಮುನ್ಸೂಚನೆಯನ್ನು ತಿಂಗಳು ತಿಂಗಳೂ ಹೊರಡಿಸುತ್ತದೆ. ಊರಿನ ಪಶು ಆಸ್ಪತ್ರೆಯಲ್ಲಿ ಕೇಳಿದರೆ ನಮ್ಮ ಜಿಲ್ಲೆಯ ವಿಚಾರ ತಿಳಿಯುತ್ತದೆ.

ನಮ್ಮಲ್ಲಿ ಈವರೆಗೆ ಹೆಚ್ಚಾಗಿ ಬಳಕೆಯಾಗಿರುವುದು ಮೇಕೆ ಸಿಡುಬಿನ ಲಸಿಕೆ. ಎರಡೂ ವೈರಸ್‌ಗಳು ಒಂದೇ ಕುಲದವಾದ್ದರಿಂದ ಅದು ದನಗಳಿಗೂ ರಕ್ಷಣೆ ಕೊಡುತ್ತದೆ. ಚರ್ಮಗಂಟು ವೈರಸ್‌ನಿಂದಲೇ ತಯಾರಿಸಿದ ಲಸಿಕೆಯನ್ನು ಹಿಸಾರ್ ಮತ್ತು ಇಜ್ಜತ್‌ನಗರದ ಕೇಂದ್ರ ಸಂಶೋಧನಾ ಸಂಸ್ಥೆಗಳು 2022ರಲ್ಲಿ ರೂಪಿಸಿದವು. ಕೋಲಾರ ಜಿಲ್ಲೆಯ ಮಾಲೂರಿನಲ್ಲಿರುವ ಬಯೋವೆಟ್ ಕಂಪನಿಯ ಲಸಿಕೆಗೆ 2025ರಲ್ಲಿ ಪರವಾನಗಿ ದೊರೆಯಿತು. ಯಾವುದು ಸಿಗುತ್ತದೆಯೋ ಅದನ್ನು ಸಕಾಲದಲ್ಲಿ ಹಾಕಿಸುವುದು, ಇನ್ನೂ ಒಳ್ಳೆಯದು ಬರಲಿ ಎಂದು ಕಾಯುತ್ತ ಕೂರುವುದಕ್ಕಿಂತ ಮೇಲು ಎಂಬುದು ನನ್ನ ಅಭಿಪ್ರಾಯ.

ಲಸಿಕೆ ಹಾಕಿಸುವಾಗ ಮಾಲೀಕರು ತಾವೇ ನಿಂತು ನೋಡಬೇಕಾದ ಸಂಗತಿಗಳಿವೆ. ಲಸಿಕೆಯ ಬಾಟಲಿ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಯೇ ಬಂದಿರಬೇಕು, ಕಲಸಿದ ಲಸಿಕೆಯನ್ನು ಬಿಸಿಲಿಗೆ ಹಿಡಿಯದೆ ಬೇಗ ಬಳಸಿ ಮುಗಿಸಬೇಕು. ಅದಕ್ಕಿಂತ ಮುಖ್ಯವಾಗಿ, ಒಂದೊಂದು ಹಸುವಿಗೂ ಹೊಸ ಸೂಜಿ ಬಳಸಬೇಕು. ಮೇಲ್ನೋಟಕ್ಕೆ ಚೆನ್ನಾಗಿರುವ ಹಸುವಿನ ರಕ್ತದಲ್ಲಿ ವೈರಸ್ ಅಡಗಿದ್ದರೆ, ಒಂದೇ ಸೂಜಿಯಿಂದ ಇಡೀ ಬೀದಿಯ ಹಸುಗಳಿಗೆ ಚುಚ್ಚಿದಾಗ ಕಚ್ಚುವ ನೊಣದ ಕೆಲಸವನ್ನು ನಾವೇ ಮಾಡಿದಂತಾಗುತ್ತದೆ. ಸೂಜಿ ಬದಲಿಸಿ ಎಂದು ಕೇಳುವುದಕ್ಕೆ ಸಂಕೋಚ ಬೇಡ, ಸೂಜಿ ಸಾಲದಿದ್ದರೆ ಔಷಧದ ಅಂಗಡಿಯಿಂದ ತಂದುಕೊಡುವುದು ದೊಡ್ಡ ಖರ್ಚೇನಲ್ಲ. ಜ್ವರವಿರುವ, ಮೇವು ಬಿಟ್ಟಿರುವ ದನಕ್ಕೆ ಅಂದು ಲಸಿಕೆ ಹಾಕಿಸಬಾರದು. ನಾಲ್ಕು ತಿಂಗಳು ದಾಟಿದ ಕರುಗಳನ್ನು ಬಿಡದೆ ಹಾಕಿಸಬೇಕು. ತುಂಬು ಗಬ್ಬದ ಹಸುವಿದ್ದರೆ ಅದನ್ನು ಮೊದಲೇ ವೈದ್ಯರಿಗೆ ತಿಳಿಸಿ ಅವರ ಮಾತಿನಂತೆ ನಡೆಯಬೇಕು. ಚುಚ್ಚಿದ ಜಾಗದಲ್ಲಿ ಸಣ್ಣ ಊತ, ಒಂದೆರಡು ದಿನ ಮೈ ಬಿಸಿ, ಹಾಲು ಸ್ವಲ್ಪ ಇಳಿಯುವುದು ಸಹಜ. ಅದನ್ನು ನೋಡಿ ಹೆದರಿ ಮುಂದಿನ ವರ್ಷ ಲಸಿಕೆಯೇ ಬೇಡ ಎನ್ನುವವರು ಊರಿಗೊಬ್ಬರಾದರೂ ಇರುತ್ತಾರೆ, ರೋಗ ಬಂದಾಗ ಇಳಿಯುವ ಹಾಲಿನ ಲೆಕ್ಕ ಅವರಿಗೆ ತಿಳಿದಿರುವುದಿಲ್ಲ. ಲಸಿಕೆಯ ದಿನಾಂಕ ಕಿವಿಯೋಲೆಯ ಸಂಖ್ಯೆಗೆ ದಾಖಲಾಯಿತೇ ಎಂದು ಅಲ್ಲಿಯೇ ಕೇಳಿ ಖಚಿತ ಮಾಡಿಕೊಳ್ಳಬೇಕು.

ಕೊಟ್ಟಿಗೆ, ಗಂಜಲ, ತಿಪ್ಪೆ

ಕಚ್ಚುವ ನೊಣವನ್ನು ಮನೆಯ ನೊಣದಿಂದ ಬೇರ್ಪಡಿಸಿ ಗುರುತಿಸಲು ಕಲಿಯುವುದು ಮೊದಲ ಹೆಜ್ಜೆ. ಎರಡೂ ನೋಡಲು ಹೆಚ್ಚುಕಡಿಮೆ ಒಂದೇ ಗಾತ್ರ, ಒಂದೇ ಬೂದು ಬಣ್ಣ. ಆದರೆ ಮನೆಯ ನೊಣ ಹಸುವಿನ ಕಣ್ಣು, ಮೂಗು, ಗಾಯಗಳ ಮೇಲೆ ಕುಳಿತು ನೆಕ್ಕುತ್ತದೆ. ಕಚ್ಚುವ ನೊಣ ಮೊಣಕಾಲಿನಿಂದ ಕೆಳಕ್ಕೆ, ತಲೆ ಮೇಲೆ ಮಾಡಿ ಕುಳಿತಿರುತ್ತದೆ, ಮತ್ತು ಹತ್ತಿರದಿಂದ ನೋಡಿದರೆ ಅದರ ತಲೆಯಡಿಯಿಂದ ಕಪ್ಪು ಸೂಜಿಯಂಥ ಬಾಯಿ ಮುಂದಕ್ಕೆ ಚಾಚಿಕೊಂಡಿರುವುದು ಕಾಣುತ್ತದೆ. ಹಗಲು ಹೊತ್ತಿನಲ್ಲಿ ಹಸು ನಿಂತಲ್ಲಿ ನಿಲ್ಲದೆ ಮುಂಗಾಲನ್ನು ಮತ್ತೆ ಮತ್ತೆ ನೆಲಕ್ಕೆ ಬಡಿಯುತ್ತಿದ್ದರೆ ಬಾಗಿ ಕಾಲನ್ನು ನೋಡಬೇಕು. ಒಂದು ಮುಂಗಾಲಿನ ಮೇಲೆ ಐದಕ್ಕಿಂತ ಹೆಚ್ಚು ನೊಣಗಳಿದ್ದರೆ ಕ್ರಮ ತೆಗೆದುಕೊಳ್ಳುವ ಹೊತ್ತಾಗಿದೆ ಎಂದು ತಿಳಿಯಬೇಕು.

ಈ ನೊಣ ಹುಟ್ಟುವ ಜಾಗವನ್ನು ಜನ ತಪ್ಪು ಕಡೆ ಹುಡುಕುತ್ತಾರೆ. ಬರೀ ಸಗಣಿಯ ಗುಡ್ಡೆಗಿಂತ, ಹುಲ್ಲು, ಸಗಣಿ ಮತ್ತು ಗಂಜಲ ಕಲೆತು ಕೊಳೆಯುತ್ತಿರುವ ಜಾಗವೇ ಅದಕ್ಕೆ ಇಷ್ಟ. ಗೊಂತಿನ ಮುಂದೆ ಹಸು ತುಳಿದು ಬಿಟ್ಟ ಹುಲ್ಲು, ಗೋಡೆ ಮೂಲೆಯಲ್ಲಿ ಒದ್ದೆಯಾಗಿ ಉಳಿದ ಕಬ್ಬಿನ ಸೋಗೆ, ಬಣವೆಯ ಬುಡದ ಕಪ್ಪಾದ ಪದರ, ಗಂಜಲದ ಚರಂಡಿಯ ಅಂಚು, ಆಲೆಮನೆಯ ಹಿಂದೆ ಸುರಿದ ಕೊಳೆತ ತರಗು, ಇವು ಅದರ ತವರು. ಇಂಥ ಜಾಗದಲ್ಲಿ ಒಂದು ಕಡ್ಡಿಯಿಂದ ಮೇಲಿನ ಒಣ ಪದರವನ್ನು ಸರಿಸಿದರೆ ಕೆಳಗಿನ ಹಸಿ ಪದರದಲ್ಲಿ ಬಿಳಿಯ ಹುಳಗಳೂ, ಅವುಗಳ ಪಕ್ಕದಲ್ಲಿ ಅಕ್ಕಿ ಕಾಳಿನಷ್ಟು ಗಾತ್ರದ, ಕೆಂಗಂದು ಬಣ್ಣದ, ಅಲುಗಾಡದ ಕೋಶಗಳೂ ಕಾಣುತ್ತವೆ. ಆ ಕೋಶಗಳು ಇನ್ನು ಕೆಲವೇ ದಿನಗಳಲ್ಲಿ ರೆಕ್ಕೆ ಮೂಡಿ ಹಾರುವಂಥವು. ಬೆಚ್ಚನೆಯ ಹವೆಯಲ್ಲಿ ಮೊಟ್ಟೆಯಿಂದ ನೊಣವಾಗುವುದಕ್ಕೆ ಎರಡು ಮೂರು ವಾರ ಸಾಕು, ಸೊಳ್ಳೆಗೆ ಏಳರಿಂದ ಹತ್ತು ದಿನ ಸಾಕು. ಆದ್ದರಿಂದ ವಾರಕ್ಕೊಮ್ಮೆ ತಪ್ಪದೆ ಈ ಜಾಗಗಳನ್ನು ಕೆರೆದು ತೆಗೆದರೆ ಹುಳ ನೊಣವಾಗುವ ಮೊದಲೇ ಅದರ ಸಂತತಿ ಕಡಿದುಹೋಗುತ್ತದೆ. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡದಿರುವ ಪದ್ಧತಿ ನಮ್ಮ ಹಲವು ಊರುಗಳಲ್ಲಿದೆ; ಆ ದಿನವನ್ನೇ ಈ ಕೆಲಸಕ್ಕೆ ಇಟ್ಟುಕೊಂಡರೆ ಮರೆಯುವ ಪ್ರಮೇಯವಿರುವುದಿಲ್ಲ.

ತೆಗೆದದ್ದನ್ನು ಕೊಟ್ಟಿಗೆಯ ಹಿಂಬದಿಯಲ್ಲೇ ಗುಡ್ಡೆ ಹಾಕಿದರೆ ಫಲವಿಲ್ಲ. ಜಾಗವಿದ್ದವರು ತಿಪ್ಪೆಯನ್ನು ಜಮೀನಿಗೆ ಸಾಗಿಸಬೇಕು. ಇಲ್ಲದವರು ಮನೆಯಿಂದ ಆದಷ್ಟು ದೂರದಲ್ಲಿ, ಮಳೆನೀರು ಹರಿದುಬಾರದ ಎತ್ತರದ ಜಾಗದಲ್ಲಿ ಒತ್ತಾಗಿ ಪೇರಿಸಿ, ಟಾರ್ಪಾಲು ಅಥವಾ ಹಳೆಯ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ ಅಂಚಿಗೆ ಮಣ್ಣು ಕೊಡಬೇಕು. ಒಳಗೆ ಏಳುವ ಕಾವಿಗೆ ಹುಳ ಸಾಯುತ್ತದೆ, ಗೊಬ್ಬರವೂ ಬೇಗ ಹದವಾಗುತ್ತದೆ. ಇದಕ್ಕೆ ದುಡ್ಡಿನ ಖರ್ಚು ಕಡಿಮೆ, ಮೈ ಬಗ್ಗಿಸುವ ಖರ್ಚು ಹೆಚ್ಚು. ಬಹುಶಃ ಅದಕ್ಕೇ ಎಲ್ಲರೂ ಸಿಂಪಡಣೆಯ ಬಾಟಲಿಯನ್ನು ಇಷ್ಟಪಡುವುದು.

ಗಂಜಲ ಕೊಟ್ಟಿಗೆಯೊಳಗೆ ನಿಲ್ಲದಂತೆ ನೆಲಕ್ಕೆ ಇಳಿಜಾರು ಕೊಟ್ಟು, ಹೊರಗಿನ ಗುಂಡಿಗೆ ಮುಚ್ಚಳ ಮಾಡಬೇಕು. ನೀರಿನ ಬಾನಿ, ಕಲಗಚ್ಚಿನ ತೊಟ್ಟಿ, ಪ್ಲಾಸ್ಟಿಕ್ ಡ್ರಮ್ಮುಗಳನ್ನು ವಾರಕ್ಕೊಮ್ಮೆ ಪೂರ್ತಿ ಬರಿದು ಮಾಡಿ, ಒಳಮೈಯನ್ನು ತಿಕ್ಕಿ ತೊಳೆದು, ಒಣಗಿಸಿ ತುಂಬಬೇಕು. ಬಳಸದ ಟೈರು, ತೆಂಗಿನ ಚಿಪ್ಪು, ಒಡೆದ ಬಿಂದಿಗೆಗಳ ಬಗ್ಗೆ ಡೆಂಗಿ ವಿಚಾರದಲ್ಲಿ ಎಲ್ಲರೂ ಕೇಳಿರುವುದರಿಂದ ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ಗದ್ದೆಯಲ್ಲಿ ನಿಂತ ನೀರನ್ನಂತೂ ನಾವು ಖಾಲಿ ಮಾಡಲಾರೆವು. ಮದ್ದೂರು, ಪಾಂಡವಪುರ, ಶ್ರೀರಂಗಪಟ್ಟಣ, ತಿರುಮಕೂಡಲು ನರಸೀಪುರದ ನೀರಾವರಿ ಊರುಗಳಲ್ಲಿ ಸೊಳ್ಳೆ ಬಂದೇ ಬರುತ್ತದೆ, ನಾಗಮಂಗಲದ ಖುಷ್ಕಿ ಊರುಗಳಿಗಿಂತ ಇಲ್ಲಿಯವರು ಹೆಚ್ಚು ಎಚ್ಚರವಾಗಿರಬೇಕು.

ಸಂಜೆ ಕೊಟ್ಟಿಗೆಯಲ್ಲಿ ಬೇವಿನ ಸೊಪ್ಪು, ಲಕ್ಕಿ ಸೊಪ್ಪಿನ ಹೊಗೆ ಹಾಕುವ ರೂಢಿ ಒಳ್ಳೆಯದೇ, ಆದರೆ ಹೊಗೆ ಇರುವಷ್ಟು ಹೊತ್ತು ಮಾತ್ರ ಅದರ ಕೆಲಸ. ಬಾಗಿಲು ಕಿಟಕಿ ಮುಚ್ಚಿದ ಕೊಟ್ಟಿಗೆಯಲ್ಲಿ ದಟ್ಟ ಹೊಗೆ ತುಂಬಿದರೆ ಹಸುವಿನ ಉಸಿರಾಟಕ್ಕೇ ತೊಂದರೆ. ಸೊಳ್ಳೆ ಪರದೆ ಕಟ್ಟುವುದಾದರೆ ಸಾಮಾನ್ಯ ಪರದೆಯ ಕಣ್ಣಿನಲ್ಲಿ ನೊರಜು ನುಸುಳುತ್ತದೆ ಎಂಬುದನ್ನು ತಿಳಿದಿರಬೇಕು, ಇನ್ನೂ ಒತ್ತಾದ ಹೆಣಿಗೆಯ ಬಲೆ ಬೇಕಾಗುತ್ತದೆ. ನೊರಜಿಗೆ ಗಾಳಿಯಲ್ಲಿ ಹಾರುವ ಶಕ್ತಿ ಕಡಿಮೆಯಾದ್ದರಿಂದ ರಾತ್ರಿಯಿಡೀ ಹಸುಗಳ ಮೈಮೇಲೆ ಗಾಳಿ ಹಾಯುವಂತೆ ಒಂದು ಫ್ಯಾನು ತಿರುಗಿಸುವುದು ಪರದೆಗಿಂತ ಸುಲಭವಾದ ದಾರಿ. ವಿದ್ಯುತ್ತಿನ ತಂತಿ ಮಾತ್ರ ಹಸುವಿನ ಬಾಯಿಗೂ ಕೊಂಬಿಗೂ ಎಟುಕಬಾರದು.

ಬಂಡೂರು ಕುರಿ ಸಾಕುವವರಿಗೆ

ಮಳವಳ್ಳಿ ತಾಲ್ಲೂಕಿನ ಬಂಡೂರಿನ ಹೆಸರು ಹೊತ್ತ ಕುರಿ ತಳಿ ನಮ್ಮ ಭಾಗದ ಆಸ್ತಿ; ಒಂದು ಒಳ್ಳೆಯ ಟಗರಿಗೆ ಹಸುವಿನ ಬೆಲೆ ಹೇಳುವ ಕಾಲವಿದು. ದಕ್ಷಿಣದ ರಾಜ್ಯಗಳಲ್ಲಿ ನೀಲಿ ನಾಲಿಗೆ ರೋಗ ಜೋರಾಗುವುದು ಹಿಂಗಾರಿನ ತಿಂಗಳುಗಳಲ್ಲಿ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಈ ವೈರಸ್‌ನಲ್ಲಿ ಇಪ್ಪತ್ತಕ್ಕೂ ಹೆಚ್ಚು ಪ್ರಭೇದಗಳಿದ್ದು, ಒಂದರ ವಿರುದ್ಧ ಬಂದ ರೋಗನಿರೋಧಕ ಶಕ್ತಿ ಇನ್ನೊಂದನ್ನು ತಡೆಯುವುದಿಲ್ಲ. ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವ ಐದು ಪ್ರಭೇದಗಳನ್ನು ಸೇರಿಸಿದ ಲಸಿಕೆ ಲಭ್ಯವಿದೆ. ಇದು ಸತ್ತ ವೈರಸ್‌ನ ಲಸಿಕೆಯಾದ್ದರಿಂದ, ತಯಾರಕರು ಹೇಳಿದ ಅಂತರದಲ್ಲಿ ಎರಡನೆಯ ಚುಚ್ಚುಮದ್ದನ್ನೂ ಕೊಡಿಸಬೇಕು. ಎರಡನೆಯದು ಸೆಪ್ಟೆಂಬರ್ ಮುಗಿಯುವುದರೊಳಗೆ ಬೀಳುವಂತೆ ಲೆಕ್ಕ ಹಾಕಿ ಮೊದಲನೆಯದಕ್ಕೆ ವೈದ್ಯರನ್ನು ಕಾಣಬೇಕು.

ನೊರಜು ಕಚ್ಚುವುದು ಮುಖ್ಯವಾಗಿ ಹೊತ್ತು ಮುಳುಗುವಾಗಿನಿಂದ ಬೆಳಗಾಗುವವರೆಗೆ. ಆದ್ದರಿಂದ ಹಿಂಗಾರಿನಲ್ಲಿ ಕುರಿಗಳನ್ನು ಸೂರ್ಯ ಮುಳುಗುವ ಮೊದಲೇ ರೊಪ್ಪಕ್ಕೆ ಸೇರಿಸಿ, ಇಬ್ಬನಿ ಆರಿದ ಮೇಲೆಯೇ ಬಿಡಬೇಕು. ಗೊಬ್ಬರಕ್ಕಾಗಿ ಹೊಲದಲ್ಲಿ ರಾತ್ರಿ ಕುರಿ ಮಂದೆ ನಿಲ್ಲಿಸುವವರು ಈ ತಿಂಗಳುಗಳಲ್ಲಿ ನಾಲೆ ಬದಿಯ ಹಸಿ ಗದ್ದೆಯನ್ನು ಬಿಟ್ಟು ಎತ್ತರದ ಒಣ ಹೊಲವನ್ನು ಆರಿಸಿಕೊಳ್ಳಬೇಕು. ರೊಪ್ಪದ ನೆಲ ಒಣಗಿರಬೇಕು, ನೀರು ಕುಡಿಸುವ ಜಾಗದಲ್ಲಿ ಚೆಲ್ಲಿ ಕೆಸರಾಗುವಲ್ಲಿ ಜಲ್ಲಿ ಹಾಸಬೇಕು.

ಜ್ವರ, ತುಟಿ ಮತ್ತು ಮುಖದ ಊತ, ಬಾಯೊಳಗೆ ಹುಣ್ಣು, ಮೂಗಿನಿಂದ ಸುರಿದು ಹೊಪ್ಪಳಿಕೆ ಕಟ್ಟುವ ಸಿಂಬಳ, ಗೊರಸಿನ ಮೇಲಂಚು ಕೆಂಪಾಗಿ ಕುಂಟುವುದು, ಇವು ಈ ರೋಗದ ಲಕ್ಷಣಗಳು. ನಾಲಿಗೆ ನೀಲಿಯಾಗುವುದು ಎಲ್ಲ ಕುರಿಗಳಲ್ಲೂ ಕಾಣುವುದಿಲ್ಲ, ಅದಕ್ಕಾಗಿ ಕಾಯಬಾರದು. ಕಾಲುಬಾಯಿ ಜ್ವರ ಮತ್ತು ಪಿಪಿಆರ್ ಎಂಬ ಕುರಿ ಮೇಕೆಗಳ ವೈರಸ್ ರೋಗ ಕೂಡ ಹೀಗೆಯೇ ತೋರುವುದರಿಂದ ರಕ್ತದ ಮಾದರಿ ಕೊಟ್ಟು ಖಚಿತಪಡಿಸಿಕೊಳ್ಳಬೇಕು. ಹುಣ್ಣಾದ ಬಾಯಿಗೆ ಒಣ ಮೇವು ಚುಚ್ಚುತ್ತದೆ, ಮೆತ್ತನೆಯ ಹಸಿರು ಸೊಪ್ಪು, ರಾಗಿ ಗಂಜಿ ಕೊಡಬೇಕು. ಬಿಸಿಲಿಗೆ ಬಿಡಬಾರದು.

ಸಿಂಪಡಣೆ

ಹಸುವಿನ ಮೈಗೆ ಬಳಸುವ ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್, ಉಣ್ಣೆಗೆ ಬಳಸುವ ಅಮಿಟ್ರಾಜ್, ಬೆನ್ನ ಮೇಲೆ ಸುರಿಯುವ ಫ್ಲುಮೆಥ್ರಿನ್ ಮುಂತಾದವು ಪಶುವೈದ್ಯರ ಸಲಹೆಯಿಂದ ಸಿಗುತ್ತವೆ. ಪ್ರಮಾಣ ಬಾಟಲಿಯ ಮೇಲೆ ಬರೆದಷ್ಟೇ ಇರಬೇಕು. ಭತ್ತಕ್ಕೋ ಕಬ್ಬಿಗೋ ತಂದು ಉಳಿದ ಕೀಟನಾಶಕದ ಹೆಸರು ಒಂದೇ ಆಗಿದ್ದರೂ ಅದನ್ನು ಹಸುವಿನ ಮೈಗೆ ಹಾಕಬಾರದು, ಅದರಲ್ಲಿ ಬೆರೆಸಿದ ದ್ರಾವಕಗಳೂ ಸಾಂದ್ರತೆಯೂ ಬೇರೆ. ಬೆಳೆಗೆ ಹೊಡೆಯುವ ಪಂಪನ್ನು ತೊಳೆದು ಬಳಸುತ್ತೇವೆ ಎನ್ನುವುದೂ ಸರಿಯಲ್ಲ, ಕಳೆನಾಶಕದ ಶೇಷ ಉಳಿದಿರುತ್ತದೆ. ಹಸುಗಳಿಗೆಂದೇ ಒಂದು ಸಣ್ಣ ಕೈಪಂಪು ಇಟ್ಟುಕೊಳ್ಳಬೇಕು.

ಕಚ್ಚುವ ನೊಣ ಹಸುವಿನ ಮೇಲೆ ಕೂರುವುದು ಕೆಲವೇ ನಿಮಿಷ; ಉಳಿದ ಹೊತ್ತನ್ನು ಗೋಡೆ, ಕಂಬ, ಬೇಲಿಗಳ ಮೇಲೆ ಕಳೆಯುತ್ತದೆ. ಆದ್ದರಿಂದ ಹಸುವಿನ ಬೆನ್ನನ್ನು ತೋಯಿಸಿ ಕಾಲನ್ನು ಬಿಟ್ಟರೆ, ಬಿಸಿಲು ಬೀಳುವ ಗೋಡೆಯನ್ನು ಬಿಟ್ಟರೆ, ಔಷಧ ವ್ಯರ್ಥ. ಕಾಲುಗಳು, ಹೊಟ್ಟೆಯ ಅಡಿಭಾಗ, ಗೋಡೆಯ ಕೆಳಭಾಗ, ಕಂಬಗಳಿಗೆ ಸಿಂಪಡಿಸಬೇಕು. ಮೇವು, ನೀರು, ಹಾಲಿನ ಕ್ಯಾನುಗಳನ್ನು ಮೊದಲೇ ದೂರ ಇಡಬೇಕು, ಹಾಲು ಕರೆದ ನಂತರ ಸಿಂಪಡಿಸಿ, ಮುಂದಿನ ಬಾರಿ ಕರೆಯುವ ಮುನ್ನ ಕೆಚ್ಚಲನ್ನು ಚೆನ್ನಾಗಿ ತೊಳೆಯಬೇಕು. ಎಷ್ಟು ಹೊತ್ತಿನ ಹಾಲನ್ನು ಡೈರಿಗೆ ಹಾಕಬಾರದು ಎಂಬುದು ಲೇಬಲ್‌ನಲ್ಲಿರುತ್ತದೆ. ಉಣ್ಣೆ ಹುಳ ಕಿವಿಯೊಳಗೆ, ಬಾಲದ ಬುಡದಲ್ಲಿ, ಕೆಚ್ಚಲಿನ ಸಂದಿನಲ್ಲಿ ಇರುತ್ತದೆ, ಅದರ ಮೊಟ್ಟೆಗಳಾದರೋ ಗೋಡೆಯ ಬಿರುಕಿನಲ್ಲಿ. ಬಿರುಕುಗಳನ್ನು ಮುಚ್ಚಿ ಸುಣ್ಣ ಬಳಿಯುವುದು ಹಳೆಯ ಕಾಲದ ಉಪಾಯವಾದರೂ ಇಂದಿಗೂ ಸಲ್ಲುತ್ತದೆ.

ನಮ್ಮ ಎರಡೂ ಜಿಲ್ಲೆಗಳಲ್ಲಿ ರೇಷ್ಮೆ ಸಾಕುವ ಮನೆಗಳು ಬಹಳವಿರುವುದರಿಂದ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಈ ಔಷಧಗಳ ಒಂದು ಹನಿ ಗಾಳಿಯಲ್ಲಿ ತೇಲಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿದ್ದರೂ ಹುಳ ಸಾಯುತ್ತದೆ. ಹುಳು ಮನೆಯ ಬದಿಯಲ್ಲಿ, ಸೊಪ್ಪಿನ ತೋಟದ ಮೇಲ್ಗಾಳಿಯಲ್ಲಿ ಸಿಂಪಡಿಸಲೇಬಾರದು. ಹಸುವಿಗೆ ಔಷಧ ಹೊಡೆದ ಕೈಯಲ್ಲಿ ಸೊಪ್ಪು ಕೊಯ್ಯಬಾರದು. ನೆರೆಮನೆಯವರು ಹುಳು ಮೇಯಿಸುತ್ತಿದ್ದರೆ ಅವರು ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಡುವವರೆಗೆ ತಡೆದಿರುವುದು ನ್ಯಾಯ. ಹಾಗೆಯೇ, ಸಿಂಪಡಿಸಿದ ದಿನ ಹಸುವನ್ನು ಕೆರೆಗೋ ನಾಲೆಗೋ ಇಳಿಸಿ ಮೈ ತೊಳೆಯಬಾರದು, ಮೀನಿಗೆ ಇದು ವಿಷ.

ಕಾಯಿಲೆ ಬಂದೇ ಬಿಟ್ಟರೆ

ಚರ್ಮಗಂಟು ರೋಗದಲ್ಲಿ ಗಂಟು ಕಾಣುವ ಮೊದಲು ಜ್ವರ ಬರುತ್ತದೆ. ಹಸುವಿನ ಸಹಜ ಕಾವು ಸುಮಾರು 101.5 ಡಿಗ್ರಿ ಫ್ಯಾರನ್‌ಹೀಟ್. ಈ ರೋಗದಲ್ಲಿ ಅದು 105ರ ಮೇಲಕ್ಕೂ ಏರುತ್ತದೆ. ಕಣ್ಣು ಮೂಗು ಸುರಿಯುವುದು, ಹಾಲು ತಟ್ಟನೆ ಇಳಿಯುವುದು, ಹೆಗಲಿನ ಮುಂದಿನ ಗ್ರಂಥಿ ಕೈಗೆ ಸಿಗುವಷ್ಟು ದಪ್ಪವಾಗುವುದು ಮುಂದಿನ ಲಕ್ಷಣಗಳು. ಆಮೇಲೆ ಎರಡರಿಂದ ಐದು ಸೆಂಟಿಮೀಟರ್ ಅಗಲದ ಗಟ್ಟಿ ಗಂಟುಗಳು ಏಳುತ್ತವೆ, ಕಾಲು ಮತ್ತು ಎದೆಯ ಕೆಳಭಾಗ ಊದಿಕೊಳ್ಳುತ್ತದೆ. ಕರುಗಳಿಗೂ ಸೀಮೆ ಹಸುಗಳಿಗೂ ಇದು ನಾಟಿ ದನಗಳಿಗಿಂತ ಹೆಚ್ಚು ಕಾಡುತ್ತದೆ. ಒಂದು ಡಿಜಿಟಲ್ ಥರ್ಮಾಮೀಟರ್ ಕೊಟ್ಟಿಗೆಯಲ್ಲಿಯೇ ಇದ್ದರೆ, ಅಕ್ಕಪಕ್ಕದ ಊರಿನಲ್ಲಿ ರೋಗ ಕಂಡ ದಿನದಿಂದ ನಿತ್ಯ ನೋಡುತ್ತಿರಬಹುದು.

ಅನುಮಾನ ಬಂದ ಕೂಡಲೇ ಆ ಹಸುವನ್ನು ಬೇರೆ ಜಾಗದಲ್ಲಿ, ಸಾಧ್ಯವಾದರೆ ಪರದೆಯೊಳಗೆ ಕಟ್ಟಿ, ಅದರ ಹಗ್ಗ, ಬಕೆಟ್ಟು, ಪೊರಕೆಗಳನ್ನೂ ಬೇರೆ ಮಾಡಬೇಕು. ಪಶು ಆಸ್ಪತ್ರೆಗೆ ಅಥವಾ ಪಶು ಸಹಾಯವಾಣಿಯ 1962 ಸಂಖ್ಯೆಗೆ ಕರೆ ಮಾಡಬೇಕು. ಜಾನುವಾರು ಸಾಂಕ್ರಾಮಿಕ ರೋಗಗಳ ಕುರಿತ 2009ರ ಕೇಂದ್ರ ಕಾಯ್ದೆಯಂತೆ ಇಂಥ ರೋಗವನ್ನು ತಿಳಿಸುವುದು ಮಾಲೀಕರ ಕರ್ತವ್ಯ. ಡೈರಿಯವರು ಹಾಲು ತೆಗೆದುಕೊಳ್ಳುವುದಿಲ್ಲವೇನೋ ಎಂಬ ಅಂಜಿಕೆಯಿಂದ ಮುಚ್ಚಿಟ್ಟರೆ, ಸುತ್ತಲಿನ ಊರುಗಳಿಗೆ ಸುತ್ತುಗಟ್ಟಿ ಲಸಿಕೆ ಹಾಕುವ ಅವಕಾಶ ತಪ್ಪಿಹೋಗುತ್ತದೆ. ಮನೆಮನೆಗೆ ಹೋಗಿ ಹಾಲು ಕರೆಯುವವರು, ಲಾಳ ಕಟ್ಟುವವರು ಆ ಮನೆಯನ್ನು ಕೊನೆಗೆ ಇಟ್ಟುಕೊಂಡು, ಕೈಕಾಲು ಸಾಬೂನಿನಲ್ಲಿ ತೊಳೆದು ಹೊರಡಬೇಕು. ಒಣಗಿ ಉದುರಿದ ಹೊಪ್ಪಳಿಕೆಯಲ್ಲಿ ವೈರಸ್ ತಿಂಗಳಿಗೂ ಹೆಚ್ಚು ಕಾಲ ಬದುಕಿರುವುದರಿಂದ ಅವನ್ನು ಗುಡಿಸಿ ಸುಡಬೇಕು, ನೆಲವನ್ನು ಶೇಕಡ 2ರಿಂದ 3ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಿಂದ ತೊಳೆಯಬೇಕು. ತಾಯಿಯ ಮೊಲೆಯಲ್ಲಿ ಹುಣ್ಣಿದ್ದರೆ ಕರುವನ್ನು ಬಿಡದೆ, ಹಾಲು ಕಾಯಿಸಿ ಆರಿಸಿ ಕುಡಿಸಬೇಕು.

ವೈರಸ್ಸನ್ನೇ ಕೊಲ್ಲುವ ಔಷಧ ಈ ರೋಗಕ್ಕಿಲ್ಲ. ಜ್ವರ ಇಳಿಸುವುದು, ಹುಣ್ಣಿಗೆ ಬೇರೆ ಸೋಂಕು ತಗಲದಂತೆ ಮತ್ತು ಹುಳ ಬೀಳದಂತೆ ಕಾಯುವುದು ಚಿಕಿತ್ಸೆಯ ಸಾರ. ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿ ಪ್ರಚಾರ ಮಾಡಿದ ಮನೆಮದ್ದೂ ಇದೆ: ಹತ್ತು ವೀಳ್ಯದೆಲೆ, 10 ಗ್ರಾಂ ಕಾಳುಮೆಣಸು, 10 ಗ್ರಾಂ ಉಪ್ಪನ್ನು ಅರೆದು ಬೆಲ್ಲ ಸೇರಿಸಿ ಸ್ವಲ್ಪ ಸ್ವಲ್ಪವಾಗಿ ನಾಲಿಗೆಗೆ ಸವರಿ ತಿನ್ನಿಸುವುದು, ಹುಣ್ಣಿಗೆ ಕುಪ್ಪಿಗಿಡ, ಬೇವು, ತುಳಸಿ, ಮೆಹಂದಿ ಸೊಪ್ಪು, ಬೆಳ್ಳುಳ್ಳಿ, ಅರಿಸಿನಗಳನ್ನು ಕೊಬ್ಬರಿ ಎಣ್ಣೆ ಅಥವಾ ಎಳ್ಳೆಣ್ಣೆಯಲ್ಲಿ ಕಾಯಿಸಿ ಹಚ್ಚುವುದು. ಇವನ್ನು ವೈದ್ಯರ ಚಿಕಿತ್ಸೆಯ ಜೊತೆಗೆ ಮಾಡಬೇಕೇ ಹೊರತು ಅದರ ಬದಲಿಗಲ್ಲ.

ಮೂರು ದಿನದ ಜ್ವರದಲ್ಲಿ ಇದಕ್ಕೆ ಸರಿಯಾಗಿ ವಿರುದ್ಧವಾದ ಎಚ್ಚರ ಬೇಕು. ನಡುಗುತ್ತ, ಒಂದು ಕಾಲು ಬಿಟ್ಟು ಒಂದು ಕಾಲು ಕುಂಟುತ್ತ, ಕೊನೆಗೆ ಮಲಗಿಬಿಡುವ ಹಸುವಿಗೆ ಈ ರೋಗದಲ್ಲಿ ನುಂಗುವ ಶಕ್ತಿಯೇ ಕುಂದಿರುತ್ತದೆ. ಆಗ ಗೊಟ್ಟದಲ್ಲಿ ಗಂಜಿಯನ್ನೋ ಕಷಾಯವನ್ನೋ ಎಣ್ಣೆಯನ್ನೋ ಬಲವಂತವಾಗಿ ಹೊಯ್ದರೆ ಅದು ಶ್ವಾಸಕೋಶಕ್ಕಿಳಿದು, ತಾನಾಗಿಯೇ ಮೂರು ನಾಲ್ಕು ದಿನಗಳಲ್ಲಿ ಏಳಬೇಕಾಗಿದ್ದ ಹಸು ನ್ಯುಮೋನಿಯಾದಿಂದ ಸಾಯುತ್ತದೆ. ಬಾಯಿಗೆ ಏನನ್ನೂ ಹೊಯ್ಯದೆ, ಎದುರಿಗೆ ನೀರಿಟ್ಟು, ನೆರಳಿನಲ್ಲಿ ದಪ್ಪನೆಯ ಹುಲ್ಲಿನ ಹಾಸಿಗೆಯ ಮೇಲೆ ಎದೆಯೂರಿ ಕೂರುವಂತೆ ಆನಿಸಿ, ಎರಡು ಮೂರು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ದಪ್ಪ ಮೈಯ ಹೋರಿಗಳೂ ಹೆಚ್ಚು ಹಾಲಿನ ಹಸುಗಳೂ ಇದರಲ್ಲಿ ಹೆಚ್ಚು ಸೊರಗುತ್ತವೆ, ಅವಕ್ಕೆ ಕ್ಯಾಲ್ಸಿಯಂ ಮತ್ತು ನೋವಿನ ಚುಚ್ಚುಮದ್ದನ್ನು ವೈದ್ಯರಿಂದಲೇ ಕೊಡಿಸಬೇಕು. ನೋವಿನ ಔಷಧಗಳಲ್ಲಿ ಡೈಕ್ಲೊಫೆನಾಕ್ 2006ರಿಂದಲೂ, ಕೀಟೊಪ್ರೊಫೆನ್ ಮತ್ತು ಅಸೆಕ್ಲೊಫೆನಾಕ್ 2023ರಿಂದಲೂ ದನಗಳಿಗೆ ನಿಷಿದ್ಧ. ಅಂಥ ಔಷಧ ಪಡೆದು ಸತ್ತ ದನವನ್ನು ತಿಂದ ರಣಹದ್ದು ಸಾಯುತ್ತದೆ, ನಮ್ಮ ಪಕ್ಕದ ರಾಮನಗರದ ರಾಮದೇವರ ಬೆಟ್ಟದಲ್ಲಿ ಅವು ಉಳಿದಿರುವುದು ಬೆರಳೆಣಿಕೆಯಷ್ಟು. ಮೆಲೊಕ್ಸಿಕಾಂ ಬಳಕೆಗೆ ಅಡ್ಡಿಯಿಲ್ಲ.

ಚರ್ಮಗಂಟು ರೋಗದಿಂದ ದನ ಸತ್ತರೆ ಚರ್ಮ ಸುಲಿಯಬಾರದು, ನಾಲೆಗಂತೂ ಎಸೆಯಲೇಬಾರದು. ಬಾವಿ ಮತ್ತು ನಾಲೆಗಳಿಂದ ದೂರದಲ್ಲಿ ಆರು ಅಡಿಗೂ ಹೆಚ್ಚು ಆಳದ ಗುಂಡಿ ತೆಗೆದು, ಸುಣ್ಣ ಹಾಕಿ ಮುಚ್ಚಬೇಕು. ವಿಮೆ ಅಥವಾ ಪರಿಹಾರ ಕೇಳುವುದಿದ್ದರೆ ಮಣ್ಣು ಮಾಡುವ ಮೊದಲೇ ವೈದ್ಯರನ್ನು ಕರೆಸಿ ಪ್ರಮಾಣಪತ್ರ ಪಡೆದು, ಕಿವಿಯೋಲೆಯನ್ನು ಜೋಪಾನ ಮಾಡಬೇಕು.

ಹೊಸ ದನ ತಂದಾಗ

ಸುತ್ತೂರು, ಚುಂಚನಕಟ್ಟೆ, ಮುಡುಕುತೊರೆ, ಬೇಬಿ ಬೆಟ್ಟದ ಜಾತ್ರೆಗಳಿಂದ ಎತ್ತು, ಕರು ತರುವವರು, ಸಂತೆಯಿಂದ ಹಾಲಿನ ಹಸು ಕೊಳ್ಳುವವರು ಮೊದಲು ಕಿವಿಯೋಲೆಯ ಸಂಖ್ಯೆಯ ಮೂಲಕ ಲಸಿಕೆಯ ದಾಖಲೆ ಕೇಳಬೇಕು, ಹೆಗಲು, ಕುತ್ತಿಗೆ, ಕೆಚ್ಚಲುಗಳ ಮೇಲೆ ಕೈಯಾಡಿಸಿ ಗಂಟುಗಳಿವೆಯೇ ನೋಡಬೇಕು. ಸೋಂಕು ತಗಲಿದ ಎಷ್ಟೋ ದಿನ ಲಕ್ಷಣ ತೋರದೆ ಇರಬಹುದಾದ್ದರಿಂದ ತಂದ ದನವನ್ನು 28 ದಿನ ಉಳಿದವುಗಳ ಜೊತೆ ಸೇರಿಸದೆ, ಅದಕ್ಕೆ ಉಣ್ಣೆ ಮತ್ತು ನೊಣದ ಔಷಧ ಹಾಕಿ, ಬೇರೆಯೇ ಕಟ್ಟಬೇಕು. ಮೊದಲು ಮನೆಯ ದನಗಳಿಗೆ ಹುಲ್ಲು ನೀರು ಕೊಟ್ಟು, ಆಮೇಲೆ ಹೊಸದರ ಬಳಿಗೆ ಹೋಗಬೇಕು. ಗಂಟು ರೋಗದಿಂದ ಎದ್ದ ಹೋರಿಯ ವೀರ್ಯದಲ್ಲಿ ವೈರಸ್ ವಾರಗಟ್ಟಲೆ ಉಳಿಯುವುದರಿಂದ ಅಂಥ ಹೋರಿಯನ್ನು ಹಸುವಿಗೆ ಬಿಡುವುದು ಯಾವಾಗ ಎಂಬುದನ್ನು ವೈದ್ಯರೇ ಹೇಳಬೇಕು. ಅಲ್ಲಿಯವರೆಗೆ ಕೃತಕ ಗರ್ಭಧಾರಣೆಯನ್ನೇ ಮಾಡಿಸಿಕೊಳ್ಳಬೇಕು.